ಸ್ಕ್ಯಾನಿನ ಫೋಟೋ ಬೇಡ, ಸ್ಕ್ಯಾನನ್ನೇ ಕಳಿಸಲು ದಾರಿ ಮಾಡಿಕೊಡಿ: ಆರೋಗ್ಯ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರಿಗೆ ನಮಸ್ಕಾರ.

ನಾನು ಡಾಕ್ಟರಲ್ಲ. ಉತ್ತರ ಕನ್ನಡ ಜಿಲ್ಲೆಯ ಕರಾವಳಿಯ ಒಂದು ಊರಿನಲ್ಲಿ ಸಿ.ಟಿ. ಸ್ಕ್ಯಾನ್ ಟೆಕ್ನಿಷಿಯನ್. ಹದಿನಾಲ್ಕು ವರ್ಷದಿಂದ ಇದೇ ಕೆಲಸ. ರೋಗಿಯನ್ನು ಮಲಗಿಸುತ್ತೇನೆ, ತಲೆ ಅಲುಗದಂತೆ ಪಟ್ಟಿ ಕಟ್ಟುತ್ತೇನೆ, ಗಾಜಿನ ಈಚೆ ಬಂದು ಗುಂಡಿ ಒತ್ತುತ್ತೇನೆ. ಬಂದ ಚಿತ್ರವನ್ನು ಓದಿ ಹೇಳುವುದು ರೇಡಿಯಾಲಜಿಸ್ಟರ ಕೆಲಸ. ಅವರು ಹಗಲು ಇರುತ್ತಾರೆ. ರಾತ್ರಿ ಇರುವುದಿಲ್ಲ.

ರಾತ್ರಿ ಕೇಸು ಬಂದಾಗ ನಾನು ಜೇಬಿನಿಂದ ಮೊಬೈಲ್ ತೆಗೆಯುತ್ತೇನೆ. ಕಂಪ್ಯೂಟರ್ ಪರದೆಯ ನಾಲ್ಕೈದು ಫೋಟೋ ಹೊಡೆದು ವಾಟ್ಸಾಪ್ ಮಾಡುತ್ತೇನೆ. ಎಲ್ಲೋ ಮಲಗಿದ್ದ ಡಾಕ್ಟರು ಎದ್ದು, ಕಣ್ಣುಜ್ಜಿಕೊಂಡು ನೋಡಿ, 'ಬ್ಲೀಡ್ ಇಲ್ಲ', ಅಂದರೆ ಒಳಗೆ ರಕ್ತಸ್ರಾವ ಇಲ್ಲ ಅಂತಲೋ, 'ಕೂಡಲೇ ಮಣಿಪಾಲಕ್ಕೆ ಕಳಿಸಿ' ಅಂತಲೋ ಬರೆಯುತ್ತಾರೆ. ಆ ಒಂದು ಸಾಲಿನ ಮೇಲೆ ಆಂಬುಲೆನ್ಸ್ ಹೊರಡುತ್ತದೆ, ಅಥವಾ ಹೊರಡುವುದಿಲ್ಲ.

ಇದು ನಮ್ಮಲ್ಲಿ ಮಾತ್ರ ನಡೆಯುವ ಗುಟ್ಟಿನ ವ್ಯವಹಾರ ಅಂದುಕೊಳ್ಳಬೇಡಿ. ರೇಡಿಯಾಲಜಿಸ್ಟ್ ಇಲ್ಲದ ಯಾವ ಊರಿನ ಸ್ಕ್ಯಾನ್ ಕೋಣೆಗೆ ರಾತ್ರಿ ಹೋದರೂ ಇದೇ ಕಾಣುತ್ತದೆ. ಕೆಲವರು ಫೋಟೋ ಬದಲು ಮೌಸ್ ಸುತ್ತಿಸುತ್ತಾ ವಿಡಿಯೋ ಮಾಡಿ ಕಳಿಸುತ್ತಾರೆ. ಕೆಲವರು ಫಿಲ್ಮನ್ನು ಟ್ಯೂಬ್‌ಲೈಟಿಗೆ ಹಿಡಿದು ಹೊಡೆಯುತ್ತಾರೆ. ಎಷ್ಟೋ ಸಲ ಫಿಲ್ಮ್ ಹಿಂದುಮುಂದಾಗಿ ಎಡ ಬಲವಾಗಿರುತ್ತದೆ. ಅಂಚಿನಲ್ಲಿರುವ 'ಎಲ್', 'ಆರ್' ಗುರುತು ಫೋಟೋದಲ್ಲಿ ಕತ್ತರಿಸಿ ಹೋಗಿರುತ್ತದೆ. ಮಿದುಳಿನಲ್ಲಿ ಎಡ ಬಲ ತಪ್ಪಿದರೆ ಏನಾಗಬಹುದು ಅಂತ ನಾನು ತಮಗೆ ಹೇಳಬೇಕಾಗಿಲ್ಲ.

ಮೂರು ವರ್ಷದ ಹಿಂದಿನ ಮಳೆಗಾಲದ ಒಂದು ರಾತ್ರಿಯ ವಿಷಯ ಹೇಳುತ್ತೇನೆ. ಘಟ್ಟದ ಬುಡದ ಹಳ್ಳಿಯ ಒಬ್ಬ ಕೊನೆಗೌಡರು, ಅಂದರೆ ಮರ ಹತ್ತಿ ಅಡಿಕೆ ಕೊನೆ ಕೊಯ್ಯುವವರು. ಅಡಿಕೆಗೆ ಕೊಳೆ ಮದ್ದು ಹೊಡೆಯಲು ಮರ ಹತ್ತಿದವರು ಮಧ್ಯಾಹ್ನ ಜಾರಿ ಬಿದ್ದಿದ್ದರು. ಸಂಜೆ ತನಕ ಎಲ್ಲ ಸರಿ ಇತ್ತಂತೆ. ರಾತ್ರಿ ತಲೆನೋವು ಜಾಸ್ತಿಯಾಗಿ ಒಂದು ಗಂಟೆಗೆ ನಮ್ಮಲ್ಲಿಗೆ ಕರೆತಂದರು. ತಲೆ ಸ್ಕ್ಯಾನ್ ಮಾಡಿದೆ. ನಾಲ್ಕು ಫೋಟೋ ಕಳಿಸಿದೆ. 'ಬ್ಲೀಡ್ ಇಲ್ಲ, ನೋಡ್ತಾ ಇರಿ' ಅಂತ ಉತ್ತರ ಬಂತು. ಹೊರಗೆ ಬೆಂಚಿನ ಮೇಲೆ ಕೂತಿದ್ದ ಅವರ ತಾಯಿ, 'ತಮಾ, ಎಂತಾ ಬಂತು ಅದ್ರಲ್ಲಿ?' ಅಂತ ಕೇಳಿದರು. 'ಎಂತದೂ ಇಲ್ಲ ಅಮ್ಮಾ, ಹೆದರಬೇಡಿ' ಅಂದೆ. ಬೆಳಗಿನ ಜಾವ ಮನೆಗೆ ಹೋದರು.

ಒಂಬತ್ತೂವರೆಗೆ ಡಾಕ್ಟರು ಬಂದು ಅದೇ ಸ್ಕ್ಯಾನನ್ನು ಮಾನಿಟರಿನಲ್ಲಿ ತೆರೆದರು. ಎರಡು ನಿಮಿಷ ಮಾತಾಡಲಿಲ್ಲ. ಆಮೇಲೆ, 'ಇದನ್ನು ಯಾಕೆ ಕಳಿಸಲಿಲ್ಲ ನನಗೆ?' ಅಂದರು. ಎಡಗಡೆ ಬುರುಡೆಗೆ ಅಂಟಿಕೊಂಡಂತೆ, ಬಾಳೆನಾರಿನಷ್ಟು ತೆಳ್ಳಗೆ ರಕ್ತ ನಿಂತಿತ್ತು. ಆ ಮನೆಗೆ ಫೋನ್ ಮಾಡಿದರೆ ನೆಟ್‌ವರ್ಕ್ ಇಲ್ಲ. ಕಡೆಗೆ ಬೈಕಿನಲ್ಲಿ ಹುಡುಗನೊಬ್ಬನನ್ನು ಓಡಿಸಿ ಕರೆಸಿದೆವು. ಮಣಿಪಾಲಕ್ಕೆ ಹೋದರು, ಬದುಕಿದರು. ಈಗ ಮರ ಹತ್ತುವುದಿಲ್ಲ. ಹೋದ ವರ್ಷ ಪೇಟೆಯಲ್ಲಿ ಸಿಕ್ಕಿದವರು, ರಾತ್ರಿ ಹೊತ್ತು ಎದ್ದು ಸ್ಕ್ಯಾನ್ ಮಾಡಿಕೊಟ್ಟ ಪುಣ್ಯಾತ್ಮ ಅಂತ ನನಗೆ ಚಾ ಕುಡಿಸಿದರು. ಆ ಚಾ ಗಂಟಲಲ್ಲಿ ಇಳಿಯುವುದು ಕಷ್ಟವಾಯಿತು.

ಆ ರಾತ್ರಿ ಡಾಕ್ಟರು ತಪ್ಪು ಓದಿದರು ಅಂತ ನಾನು ಹೇಳುವುದಿಲ್ಲ. ಸ್ಕ್ಯಾನ್ ತಲೆಯನ್ನು ಪದರ ಪದರವಾಗಿ ತೋರಿಸುತ್ತದೆ, ಒಂದೊಂದು ಪದರದ ಚಿತ್ರಕ್ಕೆ ಸ್ಲೈಸ್ ಅನ್ನುತ್ತೇವೆ. ಮೂವತ್ತಕ್ಕೂ ಜಾಸ್ತಿ ಸ್ಲೈಸುಗಳಲ್ಲಿ ಯಾವ ನಾಲ್ಕು ಕಳಿಸಬೇಕು ಅಂತ ಆರಿಸಿದವನು ನಾನು. ಯಾವ ಹೊಳಪಿನಲ್ಲಿ ತೋರಿಸಬೇಕು ಅಂತ ನಿರ್ಧರಿಸಿದವನೂ ನಾನೇ. ಲೆಕ್ಕಕ್ಕೆ ಹೇಳುವುದಾದರೆ ಆ ರಾತ್ರಿ ಸ್ಕ್ಯಾನ್ ಓದಿದವನು ನಾನು. ಓದುವ ಓದು ನನಗಿಲ್ಲ.

ಇಲ್ಲಿ ಸ್ವಲ್ಪ ಯಂತ್ರದ ವಿಷಯ ಹೇಳಲೇಬೇಕು, ಬೇಸರ ಮಾಡಿಕೊಳ್ಳಬೇಡಿ. ಸಿ.ಟಿ. ಯಂತ್ರ ಕೊಡುವುದು ಮೂಲದಲ್ಲಿ ಚಿತ್ರ ಅಲ್ಲ, ಅಂಕಿ. ಒಂದೊಂದು ಸ್ಲೈಸಿನಲ್ಲಿ ಉದ್ದಕ್ಕೆ 512, ಅಗಲಕ್ಕೆ 512 ಚುಕ್ಕಿ. ಪ್ರತಿ ಚುಕ್ಕಿಗೂ ಒಂದು ಸಂಖ್ಯೆ. ಈ ಯಂತ್ರ ಕಂಡುಹಿಡಿದ ಗಾಡ್‌ಫ್ರೆ ಹೌನ್ಸ್‌ಫೀಲ್ಡ್ ಅವರ ಹೆಸರಿನಲ್ಲೇ ಅದರ ಅಳತೆ ಇದೆ. ನೀರು ಸೊನ್ನೆ, ಗಾಳಿ ಮೈನಸ್ 1000, ಗಟ್ಟಿ ಮೂಳೆ ಪ್ಲಸ್ ಸಾವಿರದ ಸುತ್ತಮುತ್ತ. ಮಿದುಳು ಸುಮಾರು 25ರಿಂದ 40. ಹೊಸ ರಕ್ತ 50ರಿಂದ 70ರ ಆಸುಪಾಸು. ನೋಡಿ, ಮಿದುಳಿಗೂ ರಕ್ತಕ್ಕೂ ನಡುವೆ ಇರುವ ಅಂತರ ಎಷ್ಟು ಕಡಿಮೆ. ಪಾರ್ಶ್ವವಾಯು ಆದ ಮೊದಲ ಗಂಟೆಗಳಲ್ಲಿ ಸತ್ತ ಭಾಗಕ್ಕೂ ಬದುಕಿರುವ ಭಾಗಕ್ಕೂ ಇರುವ ಅಂತರ ಇದಕ್ಕಿಂತಲೂ ಕಡಿಮೆ.

ಹೀಗೆ ನಾಲ್ಕು ಸಾವಿರದಷ್ಟು ಮೆಟ್ಟಿಲುಗಳಿರುವ ಅಂಕಿಯನ್ನು ಒಂದೇ ಸಲ ಪರದೆ ಮೇಲೆ ತೋರಿಸಿದರೆ ಕಣ್ಣಿಗೆ ಏನೂ ಗೊತ್ತಾಗುವುದಿಲ್ಲ. ಅದಕ್ಕೇ ನಾವು 'ವಿಂಡೋ' ಹಾಕುತ್ತೇವೆ, ಅಂದರೆ ಬೇಕಾದಷ್ಟು ಅಂಕಿಗಳನ್ನು ಮಾತ್ರ ಕಪ್ಪಿನಿಂದ ಬಿಳುಪಿನವರೆಗೆ ಹರಡಿ ತೋರಿಸುತ್ತೇವೆ. ಮಿದುಳು ನೋಡಲು ಒಂದು ಕಿಟಕಿ, ಮೂಳೆ ನೋಡಲು ಇನ್ನೊಂದು. ಮಿದುಳಿನ ಮಾಮೂಲಿ ಕಿಟಕಿಯಲ್ಲಿ 80ರ ಮೇಲಿನದೆಲ್ಲ ಒಂದೇ ಬಿಳುಪು. ಬುರುಡೆಯೂ ಬಿಳಿ, ಅದಕ್ಕೆ ಅಂಟಿದ ರಕ್ತವೂ ಹೆಚ್ಚುಕಡಿಮೆ ಬಿಳಿ. ತೆಳ್ಳಗೆ ಇದ್ದರೆ ಬುರುಡೆಯೊಳಗೇ ಸೇರಿಹೋಗುತ್ತದೆ. ಕಿಟಕಿ ಸ್ವಲ್ಪ ಅಗಲ ಮಾಡಿದರೆ ಬುರುಡೆ ಬೇರೆ, ರಕ್ತ ಬೇರೆ ಆಗಿ ಕಾಣುತ್ತದೆ. ಮೌಸ್ ಹಿಡಿದು ಒಂದು ಸಲ ಎಳೆದರೆ ಆಗುವ ಕೆಲಸ ಅದು. ಫೋಟೋದಲ್ಲಿ ಆಗುವುದಿಲ್ಲ. ಫೋಟೋದಲ್ಲಿ ಅಂಕಿ ಇಲ್ಲ, ಬಣ್ಣ ಮಾತ್ರ ಇದೆ. ಅದರ ಮೇಲೆ ಟ್ಯೂಬ್‌ಲೈಟಿನ ಹೊಳಪು, ಕ್ಯಾಮೆರಾ ತಾನಾಗೇ ಮಾಡಿಕೊಳ್ಳುವ ಬೆಳಕಿನ ಹೊಂದಾಣಿಕೆ, ಪರದೆಯ ಫೋಟೋ ಹೊಡೆದಾಗ ಬರುವ ಅಲೆ ಅಲೆ ಗೆರೆ. ಕೊನೆಗೆ ವಾಟ್ಸಾಪ್ ಇನ್ನಷ್ಟು ಹಿಂಡಿ ಕಳಿಸುತ್ತದೆ.

ಹಾಗಂತ ಮೊಬೈಲಿನಲ್ಲಿ ಸ್ಕ್ಯಾನ್ ನೋಡುವುದೇ ತಪ್ಪು ಅಂತ ದಯವಿಟ್ಟು ಸುತ್ತೋಲೆ ಹೊರಡಿಸಿಬಿಡಬೇಡಿ. ನನಗೆ ಅದೇ ಭಯ. ನಮ್ಮ ಜಿಲ್ಲೆಗೆ ಒಂದು ಮಲ್ಟಿಸ್ಪೆಷಾಲಿಟಿ ಆಸ್ಪತ್ರೆ ಕೊಡಿ ಅಂತ ಜನ ಎಷ್ಟು ವರ್ಷದಿಂದ ಕೇಳುತ್ತಿದ್ದಾರೆ ಅಂತ ತಮಗೆ ಗೊತ್ತು. 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬುಲೆನ್ಸ್ ಶಿರೂರು ಟೋಲ್ ಗೇಟಿನಲ್ಲಿ ಪಲ್ಟಿಯಾಗಿ ನಾಲ್ಕು ಜನ ಹೋದರು. ಆ ವಿಡಿಯೋ ಇಡೀ ದೇಶ ನೋಡಿತು. ನಮಗೆ ಪ್ರತಿ ರೆಫರ್ ಅಂದರೆ ನೂರು ಕಿಲೋಮೀಟರಿಗೂ ಜಾಸ್ತಿ ದಾರಿ, ಅದೂ ಮಳೆಯಲ್ಲಿ, ರಾತ್ರಿಯಲ್ಲಿ. ಸುಮ್ನೆ ಕಳಿಸುವುದೂ ಅಪಾಯ, ಕಳಿಸದೇ ಇರುವುದೂ ಅಪಾಯ. ದೊಡ್ಡ ಪಾರ್ಶ್ವವಾಯುವಿನಲ್ಲಿ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶ ಸಾಯುತ್ತವೆ ಅನ್ನುವ ಲೆಕ್ಕ ಡಾಕ್ಟರುಗಳ ಬಾಯಲ್ಲಿ ಸದಾ ಇರುತ್ತದೆ. ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಲು ಸಾಮಾನ್ಯವಾಗಿ ಇರುವುದು ನಾಲ್ಕೂವರೆ ಗಂಟೆ. ಅದನ್ನು ಕೊಡುವ ಮೊದಲು ರಕ್ತಸ್ರಾವ ಇಲ್ಲ ಅಂತ ಸ್ಕ್ಯಾನ್ ನೋಡಿ ಯಾರಾದರೂ ಹೇಳಲೇಬೇಕು. ಹೇಳಬಲ್ಲವರು ಹಾಸಿಗೆಯಲ್ಲಿರುತ್ತಾರೆ, ಕಾರಿನಲ್ಲಿರುತ್ತಾರೆ, ಮದುವೆ ಮನೆಯಲ್ಲಿರುತ್ತಾರೆ. ಮೊಬೈಲ್ ಬಿಟ್ಟು ಅವರನ್ನು ಮುಟ್ಟುವ ಬೇರೆ ದಾರಿ ಎಲ್ಲಿದೆ?

ಒಂದು ಒಳ್ಳೆಯ ರಾತ್ರಿಯ ಕಥೆಯನ್ನೂ ಹೇಳಬೇಕು. ನಮ್ಮಲ್ಲಿಗೆ ಬರುವ ಇನ್ನೊಬ್ಬ ರೇಡಿಯಾಲಜಿಸ್ಟ್ ಸ್ವಲ್ಪ ತಾಂತ್ರಿಕ ಆಸಕ್ತಿ ಇರುವವರು. ತಮ್ಮ ಸ್ವಂತ ಖರ್ಚಿನಲ್ಲಿ ನಮ್ಮ ಹಳೇ ಕಂಪ್ಯೂಟರೊಂದರಲ್ಲಿ ಒಂದು ಸಣ್ಣ ಸರ್ವರ್, ಅಂದರೆ ಸ್ಕ್ಯಾನ್ ಇಟ್ಟುಕೊಂಡು ದೂರದವರಿಗೆ ತೋರಿಸುವ ವ್ಯವಸ್ಥೆ, ಹಾಕಿಸಿದರು. ಈಗ ಅವರ ಪಾಳಿ ಇದ್ದ ರಾತ್ರಿ ನಾನು ಫೋಟೋ ಹೊಡೆಯುವುದಿಲ್ಲ. ಸ್ಕ್ಯಾನ್ ಮುಗಿದ ಕೂಡಲೇ ಅದು ಸರ್ವರಿಗೆ ಹೋಗುತ್ತದೆ. ಅವರು ಪಾಸ್‌ವರ್ಡ್ ಹಾಕಿ ಮೊಬೈಲಿನಲ್ಲೇ ಪೂರ್ತಿ ಸ್ಕ್ಯಾನ್ ತೆರೆಯುತ್ತಾರೆ. ಬೆರಳಿನಲ್ಲಿ ಒಂದೊಂದೇ ಸ್ಲೈಸ್ ಸರಿಸುತ್ತಾರೆ, ಕಿಟಕಿ ಬದಲಿಸುತ್ತಾರೆ, ಅನುಮಾನ ಬಂದ ಕಡೆ ಅಂಕಿ ಎಷ್ಟು ಅಂತ ಅಳೆಯುತ್ತಾರೆ. ಒಂದು ಸಲ ಅವರು ಆಟ ನೋಡಲು ಹೋಗಿದ್ದರು. ಯಕ್ಷಗಾನ, ಬೆಳಗಿನವರೆಗೆ. ಹಿಂದಿನಿಂದ ಚೆಂಡೆ ಸದ್ದು ಕೇಳುತ್ತಿತ್ತು. 'ಒಂದ್ನಿಮಿಷ, ಚೌಕಿ ಹಿಂದೆ ಕತ್ತಲಿಗೆ ಹೋಗ್ತೇನೆ' ಅಂದರು. ಚೌಕಿ ಅಂದರೆ ವೇಷ ಕಟ್ಟುವ ಜಾಗ. ಐದು ನಿಮಿಷದಲ್ಲಿ ವಾಪಸ್ ಫೋನ್ ಬಂತು. ಸೆರೆಬೆಲ್ಲಂನಲ್ಲಿ, ಅಂದರೆ ಹಿಂಬದಿಯ ಕಿರುಮಿದುಳಿನಲ್ಲಿ ರಕ್ತಸ್ರಾವ, ಮಿದುಳಿನ ನೀರು ಹರಿಯುವ ದಾರಿ ಒತ್ತಿಹೋಗಿದೆ, ಈಗಲೇ ಕಳಿಸಿ, ಅಲ್ಲಿನ ನ್ಯೂರೋಸರ್ಜನ್ ಜೊತೆ ನಾನೇ ಮಾತಾಡುತ್ತೇನೆ. ರೋಗಿ ತಲುಪುವ ಮೊದಲೇ ಅಲ್ಲಿನ ಸರ್ಜನ್ ಕೂಡ ಅದೇ ಲಿಂಕಿನಲ್ಲಿ ಸ್ಕ್ಯಾನ್ ನೋಡಿದ್ದರು. ಮತ್ತೊಂದು ಸ್ಕ್ಯಾನ್ ಮಾಡುವ ಕೆಲಸ, ಖರ್ಚು, ಎಕ್ಸ್‌ರೇ ಕಿರಣ ಎಲ್ಲ ಉಳಿಯಿತು.

ಅದೇ ಮೊಬೈಲ್, ಅದೇ ಅಂಗೈ ಅಗಲದ ಪರದೆ. ಒಂದು ರಾತ್ರಿ ಅದರ ಹಿಂದೆ ಅಂಕಿ ಇತ್ತು, ಇನ್ನೊಂದು ರಾತ್ರಿ ಇರಲಿಲ್ಲ. ಅಷ್ಟೇ ವ್ಯತ್ಯಾಸ.

ಡಾಕ್ಟರು ಕತ್ತಲಿಗೆ ಯಾಕೆ ಹೋದರು ಅನ್ನುವುದೂ ಮುಖ್ಯ. ಸುತ್ತ ಬೆಳಕು ಜಾಸ್ತಿ ಇದ್ದರೆ ಪರದೆಯ ಸಣ್ಣ ವ್ಯತ್ಯಾಸ ಕಾಣುವುದಿಲ್ಲ. ಔಷಧ, ವೈದ್ಯಕೀಯ ಉಪಕರಣಗಳಿಗೆ ಅನುಮತಿ ಕೊಡುವ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಡಿಎ 2011ರ ಫೆಬ್ರವರಿಯಲ್ಲಿ 'ಮೊಬೈಲ್ ಮಿಮ್' ಅನ್ನುವ ಆ್ಯಪಿಗೆ ಅನುಮತಿ ಕೊಟ್ಟಿತು. ಐಫೋನ್, ಐಪ್ಯಾಡ್‌ನಲ್ಲಿ ಸಿ.ಟಿ., ಎಂ.ಆರ್.ಐ. ನೋಡಿ ರೋಗ ಹೇಳಲು ಅಲ್ಲಿ ಸಿಕ್ಕ ಮೊದಲ ಅನುಮತಿ ಅದು. ಸುಮ್ನೆ ಕೊಡಲಿಲ್ಲ. ಪರದೆಯ ಬೆಳಕು, ಚಿತ್ರದ ಸ್ಪಷ್ಟತೆ ಎಲ್ಲ ಅಳೆದರು. ಬೇರೆ ಬೇರೆ ಬೆಳಕಿನಲ್ಲಿ ರೇಡಿಯಾಲಜಿಸ್ಟರಿಂದ ಓದಿಸಿ ನೋಡಿದರು. ಆ್ಯಪಿನೊಳಗೇ ಒಂದು ಪರೀಕ್ಷೆ ಇಟ್ಟರು. ಪರದೆಯ ಒಂದು ಕಡೆ ಬಣ್ಣ ಸ್ವಲ್ಪವೇ ಸ್ವಲ್ಪ ಬೇರೆ ಇರುತ್ತದೆ, ಅದನ್ನು ಗುರುತಿಸಿ ಬೆರಳಿಟ್ಟು ತೋರಿಸಬೇಕು. ಬಿಸಿಲಿನಲ್ಲಿ ನಿಂತಿದ್ದರೆ ಆ ವ್ಯತ್ಯಾಸ ಕಾಣುವುದಿಲ್ಲ. ಕಾಣಲಿಲ್ಲ ಅಂದರೆ ಅಲ್ಲಿ ನಿಂತು ಸ್ಕ್ಯಾನ್ ನೋಡಬಾರದು ಅಂತ ಅರ್ಥ. ಎಷ್ಟು ಸರಳ ಉಪಾಯ ಅಲ್ವಾ? ಜೊತೆಗೆ ಒಂದು ಷರತ್ತು: ಇದು ದೊಡ್ಡ ಮಾನಿಟರಿಗೆ ಬದಲಿ ಅಲ್ಲ, ಮಾನಿಟರ್ ಹತ್ತಿರ ಇಲ್ಲದಾಗ ಮಾತ್ರ. ನಮಗೆ ಬೇಕಾದ ನಿಯಮದ ಅರ್ಧ ಭಾಗ ಆ ಒಂದು ಸಾಲಿನಲ್ಲೇ ಇದೆ.

ನಮ್ಮ ರಾಜ್ಯಕ್ಕೆ ಇದು ಹೊಸದೂ ಅಲ್ಲ. 2002ರಲ್ಲೇ ಇಸ್ರೊ ಉಪಗ್ರಹದ ಮೂಲಕ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯನ್ನೂ ಸರಗೂರಿನ ವಿವೇಕಾನಂದ ಮೆಮೋರಿಯಲ್ ಆಸ್ಪತ್ರೆಯನ್ನೂ ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೆ ಜೋಡಿಸಿತ್ತು. ಅದೇ 2002ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಟೆಲಿರೇಡಿಯಾಲಜಿ ಸಲ್ಯೂಷನ್ಸ್ ಅನ್ನುವ ಕಂಪನಿ ಅಮೆರಿಕದ ಆಸ್ಪತ್ರೆಗಳ ರಾತ್ರಿ ಸ್ಕ್ಯಾನುಗಳನ್ನು ಇಲ್ಲಿ ಹಗಲಲ್ಲಿ ಕೂತು ಓದಿ ಕಳಿಸುತ್ತಿತ್ತು. ಅಲ್ಲಿ ರಾತ್ರಿ ಎರಡು ಗಂಟೆಗೆ ಬಿದ್ದವರ ತಲೆಯನ್ನು ಬೆಂಗಳೂರು ನೋಡಿ ಹೇಳಬಹುದು. ನಮ್ಮೂರಲ್ಲಿ ರಾತ್ರಿ ಎರಡು ಗಂಟೆಗೆ ಬಿದ್ದವರ ತಲೆಯನ್ನು ನಾನು ಆರಿಸಿದ ನಾಲ್ಕು ಫೋಟೋದಲ್ಲಿ ನೋಡಬೇಕು. ಹೊಟ್ಟೆಕಿಚ್ಚಿನಿಂದ ಹೇಳುತ್ತಿಲ್ಲ, ಅವರಿಂದ ಕಲಿಯಬಹುದು ಅಂತ ಹೇಳುತ್ತಿದ್ದೇನೆ.

ಹೃದಯದ ವಿಷಯದಲ್ಲಿ ನಾವು ಚೆನ್ನಾಗಿಯೇ ಮಾಡಿದ್ದೇವೆ. ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ ಅವರು ಕರಾವಳಿ, ಮಲೆನಾಡಿನ ಆರೋಗ್ಯ ಕೇಂದ್ರಗಳಿಗೆ ಇ.ಸಿ.ಜಿ. ಯಂತ್ರ ಕೊಡಿಸಿ, ವಾಟ್ಸಾಪ್ ಗುಂಪಿನಲ್ಲೇ ಎಷ್ಟೋ ಜೀವ ಉಳಿಸಿದ್ದಾರೆ. ತಮ್ಮ ಇಲಾಖೆಯ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯ ಇ.ಸಿ.ಜಿ.ಯನ್ನು ದೂರದ ಹೃದ್ರೋಗ ತಜ್ಞರು ನೋಡುತ್ತಾರೆ. ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನ್ ಅಲ್ಲೇ ಉಚಿತವಾಗಿ ಸಿಗುತ್ತದೆ. ಬಹಳ ಒಳ್ಳೆಯ ಕೆಲಸ. ಹಾಗಾದರೆ ಸ್ಕ್ಯಾನಿಗೂ ವಾಟ್ಸಾಪೇ ಸಾಕಲ್ಲ ಅಂತ ತಮ್ಮ ಅಧಿಕಾರಿಗಳು ಕೇಳಬಹುದು. ಇ.ಸಿ.ಜಿ. ಅಂದರೆ ಕಾಗದದ ಮೇಲೆ ಒಂದು ಗೆರೆ. ಫೋಟೋ ಹೊಡೆದರೂ ಗೆರೆ ಗೆರೆಯಾಗೇ ಉಳಿಯುತ್ತದೆ. ಸಿ.ಟಿ. ಬೂದು ಬಣ್ಣದ ನೆರಳುಗಳ ರಾಶಿ. ಫೋಟೋ ಮೊದಲು ತಿಂದುಹಾಕುವುದೇ ನೆರಳನ್ನು.

ಖರ್ಚು ಎಷ್ಟಾಗುತ್ತದೆ ಅಂತ ಕೇಳಿದರೆ, ನಾವು ಸುಮ್ಮನೆ ಅಂದುಕೊಂಡಿರುವಷ್ಟು ಇಲ್ಲ. ಸ್ಕ್ಯಾನ್ ಚಿತ್ರಗಳು ಯಾವ ಕಂಪನಿಯ ಯಂತ್ರದಿಂದ ಬಂದರೂ ಡೈಕಾಮ್ ಅನ್ನುವ ಒಂದೇ ನಮೂನೆಯಲ್ಲಿ ಇರುತ್ತವೆ. 1993ರಿಂದಲೂ ಹಾಗೇ. ಅವನ್ನು ಇಟ್ಟುಕೊಂಡು ಬೇರೆಯವರಿಗೆ ತೋರಿಸುವ ಆರ್ಥಂಕ್ ಅನ್ನುವ ಸಾಫ್ಟ್‌ವೇರ್ ಪೂರ್ತಿ ಉಚಿತ. ಬೆಲ್ಜಿಯಂನ ಲಿಯೇಜ್ ಊರಿನ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಹುಟ್ಟಿದ್ದು. ನಮ್ಮ ಹಳೇ ಕಂಪ್ಯೂಟರಿನಲ್ಲಿ ಓಡುತ್ತಿರುವುದೂ ಅದೇ. ಒಂದು ಸ್ಲೈಸ್ ಅರ್ಧ ಎಂ.ಬಿ. ಮೂವತ್ತು ಸ್ಲೈಸಿನ ತಲೆ ಸ್ಕ್ಯಾನ್ ಅಂದರೆ 15 ಎಂ.ಬಿ. ಜನ ಫಾರ್ವರ್ಡ್ ಮಾಡುವ ವಿಡಿಯೋ ತುಣುಕುಗಳು ಕೆಲವು ಇದಕ್ಕಿಂತ ದೊಡ್ಡವಿರುತ್ತವೆ. ಎದೆಯ ತೆಳು ಸ್ಲೈಸುಗಳಾದರೆ ಮುನ್ನೂರು ದಾಟುತ್ತವೆ, 150 ಎಂ.ಬಿ. ಆಗುತ್ತದೆ, ಅದು ಕಷ್ಟ. ಕರೆಂಟ್ ಹೋದ ಕೂಡಲೇ ಟವರ್ ಸಾಯುವ ಕಡೆ 15 ಎಂ.ಬಿ.ಯೂ ಕಷ್ಟವೇ. ಸರ್ವರಿಗೆ ಒಂದು ಯು.ಪಿ.ಎಸ್., ಎರಡು ಬೇರೆ ಬೇರೆ ಕಂಪನಿಯ ಇಂಟರ್ನೆಟ್ ಇದ್ದರೆ ಬಹುತೇಕ ರಾತ್ರಿಗಳು ದಾಟುತ್ತವೆ. ಕೋಟಿಗಟ್ಟಲೆ ಯಂತ್ರ ತರುವಾಗ ಟೆಂಡರಿನಲ್ಲಿ ಇದನ್ನೂ ಒಂದು ಸಾಲು ಸೇರಿಸಿದರೆ ಆಯಿತು.

ಇನ್ನೊಂದು ವಿಷಯ ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. ನನ್ನ ಮೊಬೈಲಿನ ಗ್ಯಾಲರಿಯಲ್ಲಿ ಮಗಳ ಹುಟ್ಟುಹಬ್ಬದ ಫೋಟೋ ಪಕ್ಕದಲ್ಲೇ ಊರವರ ಮಿದುಳು, ಶ್ವಾಸಕೋಶ, ಗರ್ಭಕೋಶ ಎಲ್ಲ ಇವೆ. ಮೂಲೆಯಲ್ಲಿ ಹೆಸರು, ವಯಸ್ಸು ಸಮೇತ. ಒಂದು ಸಲ ಪರದೆ ಒಡೆದು ರಿಪೇರಿಗೆ ಕೊಟ್ಟಾಗ ಎರಡು ದಿನ ಆ ಮೊಬೈಲ್ ಅಂಗಡಿಯಲ್ಲಿತ್ತು. ನಾವು ಕಳಿಸುವ ಗುಂಪುಗಳಲ್ಲಿ ನಲವತ್ತು ಜನ ಇರುತ್ತಾರೆ. ಊರಿನ ದೊಡ್ಡ ಮನುಷ್ಯರೊಬ್ಬರ ಕ್ಯಾನ್ಸರ್ ವಿಷಯ ಅವರ ಮನೆಯವರಿಗಿಂತ ಮೊದಲು ಚಾ ಅಂಗಡಿಗೆ ಗೊತ್ತಾಗಿದ್ದನ್ನು ನಾನು ನೋಡಿದ್ದೇನೆ. ಹೆಸರು ಮುಚ್ಚಿ ಕಳಿಸಿ ಅಂತ ಹೇಳುವುದು ಸುಲಭ. ಹೆಸರು ಮುಚ್ಚಿದರೆ ಒಂದೇ ರಾತ್ರಿ ಬಂದ ಎರಡು ತಲೆ ಅದಲು ಬದಲಾಗುತ್ತವೆ. ಮುಚ್ಚದಿದ್ದರೆ ಊರೆಲ್ಲ ಹರಡುತ್ತದೆ. ವೈಯಕ್ತಿಕ ಮಾಹಿತಿ ಕಾಪಾಡಲು ಕೇಂದ್ರ 2023ರಲ್ಲಿ ಕಾಯ್ದೆಯನ್ನೇ ಮಾಡಿದೆ. ಪಾಸ್‌ವರ್ಡ್ ಇರುವ, ಯಾರು ಯಾವಾಗ ತೆರೆದರು ಅಂತ ದಾಖಲಾಗುವ ಲಿಂಕ್ ಇದ್ದರೆ ಈ ಗೊಂದಲವೇ ಇಲ್ಲ. ಫೋನಿನಲ್ಲಿ ಏನೂ ಉಳಿಯದಂತೆಯೂ ಮಾಡಬಹುದು.

ಜವಾಬ್ದಾರಿ ಯಾರದ್ದು ಅನ್ನುವುದು ಎಲ್ಲಕ್ಕಿಂತ ಕಠಿಣ ಪ್ರಶ್ನೆ. ಕೇಂದ್ರದ 2020ರ ಟೆಲಿಮೆಡಿಸಿನ್ ಮಾರ್ಗಸೂಚಿ ವಾಟ್ಸಾಪನ್ನೂ ಒಪ್ಪಿದೆ, ಒಬ್ಬ ಡಾಕ್ಟರು ಇನ್ನೊಬ್ಬ ಡಾಕ್ಟರನ್ನು ಕೇಳುವುದನ್ನೂ ಒಪ್ಪಿದೆ. ಚಿಕಿತ್ಸೆಯ ಹೊಣೆ ರೋಗಿಯ ಪಕ್ಕ ಇರುವ ಡಾಕ್ಟರದ್ದು ಅನ್ನುತ್ತದೆ. ಆದರೆ ನಮ್ಮಲ್ಲಿ ಆ ಡ್ಯೂಟಿ ಡಾಕ್ಟರು ಹೊಸದಾಗಿ ಎಂ.ಬಿ.ಬಿ.ಎಸ್. ಮುಗಿಸಿದ ಹುಡುಗಿ. ನೋಡಿ ಹೇಳಿದವರು ದೂರದಲ್ಲಿ. ಆರಿಸಿ ಕಳಿಸಿದವನು ನಾನು. ನನ್ನ ಹೆಸರು ಯಾವ ಕಾಗದದಲ್ಲೂ ಇರುವುದಿಲ್ಲ. ದೂರದಲ್ಲಿರುವವರಿಗೆ ನಿದ್ದೆ ಕೆಟ್ಟದ್ದಕ್ಕೆ ಒಂದು ರೂಪಾಯಿ ಇಲ್ಲ, 'ಸರ್ ಒಂದ್ಸಲ ನೋಡಿ ಹೇಳಿ' ಅನ್ನುವ ಸಲಿಗೆ ಮಾತ್ರ. ಸಲಿಗೆಯ ಮೇಲೆ ನಡೆಯುವ ಕೆಲಸಕ್ಕೆ ದಾಖಲೆ ಇರುವುದಿಲ್ಲ.

ಹಾಗಾಗಿ ನಾನು ಕೇಳುವುದು ಇಷ್ಟು. ಸರ್ಕಾರಿ ಆಸ್ಪತ್ರೆಗಳ ಸಿ.ಟಿ. ಕೇಂದ್ರಗಳಲ್ಲಿ, ಖಾಸಗಿ ಸಹಭಾಗಿತ್ವದಲ್ಲಿ ನಡೆಯುವಲ್ಲೂ ಸೇರಿಸಿ, ಪೂರ್ತಿ ಸ್ಕ್ಯಾನನ್ನು ಮೊಬೈಲಿಗೆ ತೋರಿಸುವ ಸರ್ವರ್ ಕಡ್ಡಾಯ ಮಾಡಿ. ಮೊಬೈಲಿನಲ್ಲಿ ನೋಡಿ ಕೊಟ್ಟ ಅಭಿಪ್ರಾಯ ತುರ್ತಿನದು ಅಂತ ಬರಹದಲ್ಲೇ ಇರಲಿ. ಬೆಳಗಾಗುವುದರೊಳಗೆ, ಹೆಚ್ಚೆಂದರೆ ಹನ್ನೆರಡು ತಾಸಿನೊಳಗೆ ಮಾನಿಟರಿನಲ್ಲಿ ನೋಡಿ ಸಹಿ ಮಾಡಿದ ರಿಪೋರ್ಟ್ ಬರಲಿ. ಎರಡರಲ್ಲಿ ವ್ಯತ್ಯಾಸ ಬಂದರೆ ರೋಗಿಗೆ ಹೇಳುವವರು ಯಾರು ಅಂತಲೂ ಗೊತ್ತಿರಲಿ, ನಮ್ಮಲ್ಲಿ ಅವತ್ತು ಬೈಕಿನ ಹುಡುಗ ಸಿಕ್ಕಿದ್ದು ಅದೃಷ್ಟ. ರಾತ್ರಿ ನೋಡುವವರಿಗೆ ಪಾಳಿ ಪಟ್ಟಿ, ಸಂಭಾವನೆ ಎರಡೂ ಇರಲಿ. ಕೂದಲೆಳೆಯಂಥ ಮೂಳೆ ಬಿರುಕು, ಸ್ತನದ ಮ್ಯಾಮೊಗ್ರಾಮ್ ಇಂಥವನ್ನು ಮೊಬೈಲಿನಿಂದ ದೂರ ಇಡಿ, ಅವಕ್ಕೆ ದೊಡ್ಡ ಪರದೆಯೇ ಬೇಕು, ರಾತ್ರಿ ಅವಸರವೂ ಇಲ್ಲ. ಸರ್ವರ್ ಕೆಟ್ಟ ರಾತ್ರಿ ಫೋಟೋವೇ ಗತಿ ಅಂತಾದರೆ ಬಿಡಿ ಫೋಟೋ ಬೇಡ. ಮೊದಲ ಸ್ಲೈಸಿನಿಂದ ಕೊನೆಯ ಸ್ಲೈಸಿನವರೆಗೆ ವಿಡಿಯೋ, ಮಿದುಳಿನ ಕಿಟಕಿಯಲ್ಲೊಮ್ಮೆ, ಅಗಲ ಮಾಡಿ ಒಮ್ಮೆ, ಮೂಳೆಯ ಕಿಟಕಿಯಲ್ಲೊಮ್ಮೆ. ಟೆಕ್ನಿಷಿಯನ್‌ಗಳಿಗೆ ಅರ್ಧ ದಿನದ ತರಬೇತಿ ಕೊಟ್ಟರೆ ಇಷ್ಟು ನಾಳೆಯಿಂದಲೇ ಶುರುವಾಗಬಹುದು.

ಅಂದಹಾಗೆ, ಅಂಗೈಯಲ್ಲಿ ಹಿಡಿಯುವ ಅಲ್ಟ್ರಾಸೌಂಡ್ ಯಂತ್ರಗಳ ಬಗ್ಗೆ ನಾನು ಇಲ್ಲಿ ಮಾತಾಡುತ್ತಿಲ್ಲ. ಅದಕ್ಕೆ ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯ್ದೆ ಇದೆ, ಆ ಭಯಕ್ಕೆ ಕಾರಣವೂ ಇದೆ. ಎರಡನ್ನೂ ಒಂದೇ ಕಡತದಲ್ಲಿ ಸೇರಿಸಿ ಇದನ್ನೂ ತಡೆಹಿಡಿಯಬೇಡಿ.

ತಾವು ನಮ್ಮ ಜಿಲ್ಲೆಗೆ ಬರುವಾಗ ಹಗಲು ಬರುತ್ತೀರಿ. ಆಗ ರೇಡಿಯಾಲಜಿಸ್ಟ್ ಇರುತ್ತಾರೆ, ಮಾನಿಟರ್ ಹೊಳೆಯುತ್ತಿರುತ್ತದೆ, ನೆಲ ಒರೆಸಿರುತ್ತದೆ. ಒಂದು ಸಲ ರಾತ್ರಿ ಎರಡರ ಸುಮಾರಿಗೆ, ಹೇಳದೆ ಕೇಳದೆ, ಯಾವುದಾದರೂ ತಾಲ್ಲೂಕಿನ ಸ್ಕ್ಯಾನ್ ಕೋಣೆಗೆ ಬನ್ನಿ. ಟೆಕ್ನಿಷಿಯನ್ ಜೇಬಿಗೆ ಕೈ ಹಾಕಿದಾಗ, ಯಾವ ನಾಲ್ಕು ಚಿತ್ರ ಕಳಿಸುತ್ತೀಯಪ್ಪಾ, ಯಾಕೆ ಅವೇ ನಾಲ್ಕು ಅಂತ ಕೇಳಿ ನೋಡಿ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಸಿ.ಟಿ. ಟೆಕ್ನಿಷಿಯನ್
ಉತ್ತರ ಕನ್ನಡ